ದಾರಿಯಲ್ಲಿ ಸಿಕ್ಕ ಜಾತ್ರೆ

ಗದಗಿನಿಂದ ರೋಣದ ಮೇಲೆ ಬಾದಾಮಿಗೆ ಹೋಗುವ ರಸ್ತೆ ವರ್ಷದ ಹೆಚ್ಚಿನ ದಿನಗಳಲ್ಲಿ ಗದ್ದಲವಿಲ್ಲದ ರಸ್ತೆ. ಎರಡೂ ಬದಿಗೆ ಎರೆಹೊಲ, ಅಲ್ಲೊಂದು ಇಲ್ಲೊಂದು ಜಾಲಿಮರ. ಮಲಪ್ರಭೆ ಹತ್ತಿರವಾದಂತೆ ಕೆಂಪು ಕಲ್ಲಿನ ಗುಡ್ಡಗಳ ಸಾಲು. ಬಾದಾಮಿಯ ಗುಹೆ, ಪಟ್ಟದಕಲ್ಲಿನ ಗುಡಿಗಳನ್ನು ಒಂದೇ ದಿನದಲ್ಲಿ ನೋಡಿ ಮುಗಿಸುವ ಅವಸರದಲ್ಲಿ ಹೊರಟವರಿಗೆ ನಡುವೆ ಎಲ್ಲಿಯೂ ನಿಲ್ಲುವ ಕಾರಣ ಕಾಣುವುದಿಲ್ಲ.

ಆದರೆ ಪುಷ್ಯ ಮಾಸದ ಹುಣ್ಣಿಮೆಯ ಆಸುಪಾಸಿನಲ್ಲಿ ಈ ದಾರಿ ಹಿಡಿದವರ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತದೆ. ಮೊದಲು ಗಂಟುಮೂಟೆ ಹೊತ್ತು ನಡೆದು ಹೋಗುವ ಗುಂಪುಗಳು ಕಾಣುತ್ತವೆ. ಆಮೇಲೆ ಚಕ್ಕಡಿಗಳು, ಜನ ತುಂಬಿದ ಟ್ರ್ಯಾಕ್ಟರುಗಳು, ನೆತ್ತಿಯ ಮೇಲೂ ಮಂದಿ ಕುಳಿತ ಟೆಂಪೊಗಳು. ಬಾದಾಮಿ ಇನ್ನೂ ಐದು ಕಿಲೋಮೀಟರ್ ಇರುವಾಗ, ಚೊಳಚಗುಡ್ಡದ ಬಳಿ, ವಾಹನ ಮುಂದೆ ಸರಿಯುವುದೇ ಇಲ್ಲ. ರಸ್ತೆಯ ಇಕ್ಕೆಲಗಳಲ್ಲಿ ಬಳೆಯಂಗಡಿ, ಮಿಠಾಯಿ ಅಂಗಡಿ, ತೊಟ್ಟಿಲು ತಿರುಗುವ ಸದ್ದು, ನಾಟಕದ ಹೆಸರು ಕೂಗುವ ಧ್ವನಿವರ್ಧಕಗಳು. ಇದು ಬನಶಂಕರಿ ಜಾತ್ರೆ.

ಪರ ಊರಿನವರಿಗೆ ಇದು ಅಕಸ್ಮಾತ್ತಾಗಿ ಎದುರಾದ ಸಂಭ್ರಮ. ಸುತ್ತಲಿನ ನೂರಾರು ಹಳ್ಳಿಗಳ ಪಾಲಿಗೆ ಇದರಷ್ಟು ಖಚಿತವಾದದ್ದು ಬೇರೊಂದಿಲ್ಲ. ಯಾರೂ ಆಮಂತ್ರಣ ಕಳಿಸುವುದಿಲ್ಲ. ಆದರೂ ಇಂಥ ದಿನ, ಇಂಥ ಕಡೆ, ಇಂಥ ಸಾಮಾನು ಸಿಗುತ್ತದೆಂಬ ನಂಬಿಕೆಯಿಂದ ಲಕ್ಷಾಂತರ ಜನ ಸೇರುತ್ತಾರೆ. ಈ ನಂಬಿಕೆ ಹೇಗೆ ಹುಟ್ಟಿತು, ಏತರ ಮೇಲೆ ನಿಂತಿದೆ ಎಂಬುದನ್ನು ನೋಡಿದರೆ ಜಾತ್ರೆ ಎಂಬುದರ ಒಳಗಿನ ಲೆಕ್ಕ ತಿಳಿಯುತ್ತದೆ.

ಹುಣ್ಣಿಮೆಯ ಲೆಕ್ಕ

'ಜಾತ್ರೆ' ಎಂಬ ಮಾತು ಸಂಸ್ಕೃತದ 'ಯಾತ್ರಾ' ಶಬ್ದದ ತದ್ಭವ. ಒಂದೇ ಶಬ್ದ ಕನ್ನಡದಲ್ಲಿ ಎರಡು ರೂಪ ತಾಳಿ, 'ಯಾತ್ರೆ' ಹೋಗುವ ಕ್ರಿಯೆಯಾಗಿಯೂ 'ಜಾತ್ರೆ' ಹೋಗಿ ಸೇರುವ ಸ್ಥಳವಾಗಿಯೂ ಉಳಿದಿದೆ. ನಡೆದು ಬಂದವರಿಲ್ಲದೆ ಜಾತ್ರೆ ಇಲ್ಲ ಎಂಬ ಅರ್ಥ ಶಬ್ದದಲ್ಲಿಯೇ ಅಡಗಿದೆ. ಹಳೆಯ ಮೈಸೂರು ಸೀಮೆಯಲ್ಲಿ ಇದನ್ನೇ 'ಪರಿಷೆ' ಎನ್ನುತ್ತಾರೆ. ಅದು 'ಪರಿಷತ್ತು' ಎಂಬುದರ ಬಳಗದ ಮಾತು.

ಉತ್ತರ ಕರ್ನಾಟಕದ ರೈತನಿಗೆ ವರ್ಷವೆಂದರೆ ಹನ್ನೆರಡು ಹುಣ್ಣಿಮೆಗಳು. ಸೀಗಿ ಹುಣ್ಣಿಮೆ, ಗೌರಿ ಹುಣ್ಣಿಮೆ, ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಹೋಳಿ ಹುಣ್ಣಿಮೆ, ದವನದ ಹುಣ್ಣಿಮೆ, ಕಾರ ಹುಣ್ಣಿಮೆ - ಹೀಗೆ ಪ್ರತಿಯೊಂದಕ್ಕೂ ಹೆಸರು, ಪ್ರತಿಯೊಂದಕ್ಕೂ ಒಂದು ಕೆಲಸ, ಒಂದು ಅಡುಗೆ. ಪುಷ್ಯದ ಹುಣ್ಣಿಮೆಯೇ ಬನದ ಹುಣ್ಣಿಮೆ. ಬನಶಂಕರಿಯ ತೇರು ಎಳೆಯುವುದು ಅಂದು.

ಹುಣ್ಣಿಮೆಯನ್ನೇ ಆರಿಸಿಕೊಂಡದ್ದರಲ್ಲಿ ಭಕ್ತಿಯ ಜೊತೆಗೆ ಅನುಕೂಲವೂ ಇತ್ತು. ವಿದ್ಯುತ್ತಿಲ್ಲದ ಕಾಲದಲ್ಲಿ ಚಕ್ಕಡಿ ಕಟ್ಟಿಕೊಂಡು ರಾತ್ರಿಯಿಡೀ ಸಾಗುವವರಿಗೆ ಬೆಳದಿಂಗಳು ಬೇಕು. ಪಂಚಾಂಗ ಓದಲು ಬಾರದವನೂ ಆಕಾಶ ನೋಡಿ ಜಾತ್ರೆಗೆ ಎಷ್ಟು ದಿನ ಉಳಿಯಿತೆಂದು ಹೇಳಬಲ್ಲ.

ಇಂಗ್ಲಿಷ್ ತಾರೀಖಿನ ಮೇಲೆ ಪ್ರವಾಸ ಹೊರಡುವವರಿಗೆ ಜಾತ್ರೆ ಆಕಸ್ಮಿಕವಾಗಿ ಕಾಣುವುದಕ್ಕೂ ಇದೇ ಕಾರಣ. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ, ಸೌರಮಾನಕ್ಕೆ 365. ಹೀಗಾಗಿ ಹುಣ್ಣಿಮೆ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಬನದ ಹುಣ್ಣಿಮೆ 2024ರಲ್ಲಿ ಜನವರಿ 25ಕ್ಕೆ, 2025ರಲ್ಲಿ 13ಕ್ಕೆ, 2026ರಲ್ಲಿ 3ಕ್ಕೆ ಬಂದಿತು. ಹೀಗೆಯೇ ಸರಿಯುತ್ತ ಹೋದರೆ ಹಬ್ಬ ಋತುವನ್ನೇ ತಪ್ಪೀತು. ಅದನ್ನು ತಡೆಯಲೆಂದೇ ಎರಡು-ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸುತ್ತಾರೆ. 2026ರ ಅಧಿಕ ಜ್ಯೇಷ್ಠದಿಂದಾಗಿ 2027ರ ಬನದ ಹುಣ್ಣಿಮೆ ಜನವರಿ 22ಕ್ಕೆ ಬೀಳುತ್ತದೆ. ತಾರೀಖು ಅತ್ತಿತ್ತ ಓಲಾಡಿದರೂ ಸುಗ್ಗಿಯ ಕಾಲ ಮಾತ್ರ ತಪ್ಪುವುದಿಲ್ಲ.

ಜಾತ್ರೆಗೆ ಹದಿನೈದು ದಿನ ಮೊದಲು ಎಳ್ಳ ಅಮವಾಸ್ಯೆ. ಅಂದು ರೈತರು ಮನೆಮಂದಿಯೊಂದಿಗೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲಿ ಉಂಡು ಬರುತ್ತಾರೆ. ಮುಂಗಾರಿನ ಫಸಲು ಆಗಲೇ ಮಾರಾಟವಾಗಿ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿರುತ್ತದೆ. ಹಿಂಗಾರಿ ಜೋಳ, ಕಡಲೆ ಇನ್ನೂ ಹೊಲದಲ್ಲಿವೆ. ಕೊಯ್ಲಿಗೆ ಮೊದಲು ಸ್ವಲ್ಪ ಬಿಡುವು. ದುಡ್ಡು ಮತ್ತು ಬಿಡುವು, ಬಯಲುಸೀಮೆಯ ಒಕ್ಕಲುತನದಲ್ಲಿ ಒಟ್ಟಿಗೆ ಸಿಗುವುದು ಅಪರೂಪ. ಅವೆರಡೂ ಕೂಡಿದ ಹೊತ್ತಿನಲ್ಲಿ ಜಾತ್ರೆ ಬಂದಿದೆ.

ಪಲ್ಯದ ದೇವಿ

ಬನಶಂಕರಿ ಎಂದರೆ ಬನದ ಶಂಕರಿ, ವನದೇವತೆ. ಸಿಂಹವಾಹಿನಿಯಾದ ಎಂಟು ತೋಳುಗಳ ಈ ದೇವಿಯನ್ನು ಶಾಕಂಭರಿ ಎಂದೂ ಕರೆಯುತ್ತಾರೆ. ಮಳೆಯಿಲ್ಲದೆ ಲೋಕ ಬಾಯಾರಿ ಹಸಿದಾಗ ದೇವಿ ತನ್ನ ಮೈಯಿಂದಲೇ ಕಾಯಿಪಲ್ಯಗಳನ್ನು ಬೆಳೆದು ಜೀವಿಗಳನ್ನು ಸಾಕಿದಳೆಂಬುದು ಪುರಾಣದ ಕಥೆ. ಪದೇ ಪದೇ ಬರಕ್ಕೆ ತುತ್ತಾಗುವ ಸೀಮೆಯಲ್ಲಿ ಇಂಥ ದೇವಿ ನೆಲೆನಿಂತದ್ದು ಸಹಜವೇ. ನೇಕಾರರ ಅನೇಕ ಮನೆತನಗಳಿಗೆ ಇವಳು ಕುಲದೇವತೆ. ಮಹಾರಾಷ್ಟ್ರದಿಂದಲೂ ಒಕ್ಕಲುಗಳು ಬರುತ್ತವೆ.

ತೇರಿನ ಹಿಂದಿನ ದಿನ ಪಲ್ಯದ ಹಬ್ಬ. ಅಂದು ದೇವಿಗೆ 108 ಬಗೆಯ ಪಲ್ಯಗಳ ನೈವೇದ್ಯ. ಉತ್ತರ ಕರ್ನಾಟಕದಲ್ಲಿ 'ಪಲ್ಯ' ಎಂದರೆ ಬೇಯಿಸಿದ ವ್ಯಂಜನವೂ ಹೌದು, ಹೊಲದಿಂದ ಕಿತ್ತು ತಂದ ಹಸಿ ಸೊಪ್ಪೂ ಹೌದು. ಪುಂಡಿ ಪಲ್ಯ, ಮೆಂತ್ಯ ಪಲ್ಯ, ಹಕ್ಕರಕಿ, ಕಿರಕಸಾಲಿ, ಕಡಲೆಯ ಎಳೆಯ ಕುಡಿ - ಎಲ್ಲವೂ ಚಳಿಗಾಲದಲ್ಲಿ ಹೇರಳ. ಒಂದು ಸೀಮೆ ಏನೇನು ಬೆಳೆಯುತ್ತದೆ, ಏನೇನು ತಿನ್ನುತ್ತದೆ ಎಂಬುದರ ವರ್ಷಕ್ಕೊಮ್ಮೆಯ ಪಟ್ಟಿ ಇದು ಎನ್ನಬಹುದು.

ಈಗಿರುವ ಗುಡಿಯ ಕಟ್ಟಡ ಹದಿನೆಂಟನೆಯ ಶತಮಾನದಲ್ಲಿ ಮರಾಠಾ ಸರದಾರನೊಬ್ಬ ಜೀರ್ಣೋದ್ಧಾರ ಮಾಡಿಸಿದ್ದು. ಕ್ಷೇತ್ರ ಅದಕ್ಕಿಂತ ಬಹಳ ಹಳೆಯದು. ಗುಡಿಯ ಎದುರಿಗೆ ಚೌಕಾಕಾರದ ದೊಡ್ಡ ಹೊಂಡ. ಒಂದೊಂದು ಬದಿಯೂ ಸುಮಾರು 360 ಅಡಿ. ಹರಿಶ್ಚಂದ್ರ ತೀರ್ಥವೆಂಬುದು ಜನರ ಬಾಯಲ್ಲಿ ಹರಿದ್ರಾ ತೀರ್ಥವಾಗಿದೆ. ಮೂರು ಬದಿಗೆ ಕಲ್ಲಿನ ಸಾಲುಮಂಟಪ. ಬಂದವರಿಗೆ ನೆರಳು, ನೀರು, ರಾತ್ರಿ ತಲೆಯೂರಲು ಜಾಗ - ಸಾವಿರಾರು ಜನ ಸೇರುವ ಕಡೆ ಬೇಕಾದ ಮೂರನ್ನೂ ಕಟ್ಟಿದವರು ಒಂದೇ ಕಡೆ ಒದಗಿಸಿದ್ದಾರೆ. ಈ ಮಂಟಪದ ಸುತ್ತಮುತ್ತ ಬುಟ್ಟಿ ಇಟ್ಟುಕೊಂಡು ಕುಳಿತ ಹೆಂಗಸರು ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಕುಡಿಕೆಯ ಗಟ್ಟಿ ಮೊಸರು ಮಾರುತ್ತಾರೆ. ಜಾತ್ರೆಯಲ್ಲಷ್ಟೇ ಅಲ್ಲ, ವರ್ಷವಿಡೀ.

ತೇರು ಎಳೆಯುವ ಹಗ್ಗವೂ ಸುಮ್ಮನೆ ಬರುವುದಿಲ್ಲ. ರೋಣ ತಾಲ್ಲೂಕಿನ ಮಾಡಲಗೇರಿಯವರು ಅದನ್ನು ಹಳಿಬಂಡಿಯಲ್ಲಿ ತರುವುದು ವಾಡಿಕೆ. ನದಿಯ ಆಚೆಯ ಊರಿನ ಹಗ್ಗವಿಲ್ಲದೆ ಈಚೆಯ ತೇರು ಅಲುಗಾಡದು. ಹೀಗೆ ಒಂದೊಂದು ಊರಿಗೆ ಒಂದೊಂದು ಹಕ್ಕು, ಒಂದೊಂದು ಹೊಣೆ ಹಂಚಿಟ್ಟಿರುವುದು ನಮ್ಮ ಜಾತ್ರೆಗಳ ಸಾಮಾನ್ಯ ಲಕ್ಷಣ. ಹೊಣೆ ಹೊತ್ತ ಊರು ಜಾತ್ರೆಯನ್ನು ಮರೆಯುವಂತಿಲ್ಲ, ಜಾತ್ರೆ ಆ ಊರನ್ನು ಬಿಡುವಂತಿಲ್ಲ.

ಬಾಗಿಲು ಕೊಳ್ಳುವ ಜಾತ್ರೆ

ಬನಶಂಕರಿ ಜಾತ್ರೆಯಲ್ಲಿ ಹೊಸಬರನ್ನು ಬೆರಗುಗೊಳಿಸುವ ನೋಟವೆಂದರೆ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ ಬಾಗಿಲುಗಳು. ಗೋಡೆಯಿಲ್ಲ, ಮನೆಯಿಲ್ಲ; ಬರಿಯ ಚೌಕಟ್ಟು, ಕದ, ಹೊಸ್ತಿಲು. ಹೂಬಳ್ಳಿ ಕೆತ್ತಿದ ತೊಲೆಬಾಗಿಲಿನಿಂದ ಸಾದಾ ಕಿಟಕಿಯವರೆಗೆ ಎಲ್ಲ ಬಗೆಯೂ ಉಂಟು.

ಜಾತ್ರೆಯಲ್ಲಿ ಬಾಗಿಲು ಏಕೆ? 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎನ್ನುವ ನಾಡಿನಲ್ಲಿ ಮನೆ ಕಟ್ಟುವುದು ಸುಗ್ಗಿ ಮುಗಿದು ಮಳೆ ಬರುವುದರೊಳಗೆ ನಡೆಯಬೇಕಾದ ಕೆಲಸ. ಒಂದು ಹಳ್ಳಿಯಲ್ಲಿ ವರ್ಷಕ್ಕೆ ನಾಲ್ಕೈದು ಹೊಸ ಮನೆ ಎದ್ದರೆ ಹೆಚ್ಚು. ಅಷ್ಟಕ್ಕೆ ಬಾಗಿಲಿನ ಅಂಗಡಿ ಇಟ್ಟು ಬದುಕಲಾಗದು. ಆದರೆ ನೂರಾರು ಹಳ್ಳಿಗಳ ಬೇಡಿಕೆ ಒಂದೇ ವಾರ ಒಂದೇ ಬಯಲಿನಲ್ಲಿ ಸೇರಿದರೆ ಬಡಗಿ ವರ್ಷವಿಡೀ ಕೆತ್ತಿದ್ದೂ ಮಾರಾಟವಾಗುತ್ತದೆ, ಕೊಳ್ಳುವವನಿಗೂ ಹತ್ತು ನೋಡಿ ಒಂದನ್ನು ಆರಿಸುವ ಅವಕಾಶ. ಚದುರಿದ ಸಣ್ಣ ಬೇಡಿಕೆಗಳನ್ನು ಒಟ್ಟುಗೂಡಿಸುವುದೇ ಜಾತ್ರೆಯ ಅರ್ಥಶಾಸ್ತ್ರ. ದಿನಬಳಕೆಯ ಉಪ್ಪು-ಮೆಣಸಿಗೆ ವಾರದ ಸಂತೆ ಸಾಕು. ವರ್ಷಕ್ಕೊಮ್ಮೆ, ಜೀವಮಾನಕ್ಕೊಮ್ಮೆ ಕೊಳ್ಳುವ ವಸ್ತುವಿಗೆ ಜಾತ್ರೆ ಬೇಕು.

ಅಮೀನಗಡದ ಕರದಂಟಿನ ಅಂಗಡಿಗಳು, ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ ಈ ಜಾತ್ರೆಗೆ ಬರುವುದೂ ಇದೇ ನ್ಯಾಯದಿಂದ. ಈ ಸೀಮೆಗೆ ವ್ಯಾಪಾರ ಹೊಸದಲ್ಲ. 'ಅಯ್ಯಾವೊಳೆ ಐನೂರ್ವರು' ಎಂಬ ಮಧ್ಯಯುಗದ ಪ್ರಸಿದ್ಧ ವರ್ತಕ ಸಂಘಕ್ಕೆ ಹೆಸರು ಬಂದದ್ದು ಇಲ್ಲಿಗೆ ಹತ್ತಿರದ ಐಹೊಳೆಯಿಂದ. 1088ರಷ್ಟು ಹಿಂದೆಯೇ ಐನೂರ್ವರ ಹೆಸರುಳ್ಳ ತಮಿಳು ಶಾಸನವೊಂದು ದೂರದ ಸುಮಾತ್ರ ದ್ವೀಪದಲ್ಲಿ ಹುಟ್ಟಿತು. ಸಮುದ್ರ ದಾಟಿದ ವ್ಯಾಪಾರಿಗಳ ನಾಡಿನಲ್ಲಿ ಬಯಲಿನಲ್ಲಿ ಅಂಗಡಿ ಹೂಡುವುದು ದೊಡ್ಡ ಮಾತಲ್ಲ.

ಜಾತ್ರೆಯ ಮತ್ತೊಂದು ಕಂಬ ದನಗಳ ಪೇಟೆ. ಎತ್ತು ಕೊಳ್ಳುವುದು ಬಾಗಿಲು ಕೊಳ್ಳುವುದಕ್ಕಿಂತ ಕಷ್ಟದ ಕೆಲಸ. ಬೇಕಾದದ್ದು ಒಂದು ಎತ್ತಲ್ಲ, ಜೋಡಿ: ಎತ್ತರ, ಬಣ್ಣ, ನಡಿಗೆ ಹೊಂದಬೇಕು. ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಎರಡು ಹಲ್ಲಿನದು ಇನ್ನೂ ಎಳೆಯದು, ಎಂಟೂ ಬಂದು ಬಾಯಿಗೂಡಿದ್ದು ಪೂರ್ಣ ವಯಸ್ಸಿನದು. ಮೈಮೇಲಿನ ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ದರ ಮಾತ್ರ ಬಾಯಲ್ಲಿ ಆಡುವಂತಿಲ್ಲ. ದಲ್ಲಾಳಿ ಟವೆಲ್ಲಿನ ಮರೆಯಲ್ಲಿ ಕೈ ಹಿಡಿದು ಬೆರಳುಗಳಲ್ಲಿಯೇ ದರ ತಿಳಿಸುತ್ತಾನೆ. ಸುತ್ತ ನಿಂತವರಿಗೆ ಬೆಲೆ ತಿಳಿದರೆ ಮುಂದಿನ ವ್ಯವಹಾರ ಕೆಡುತ್ತದೆಂಬುದು ಇದರ ಹಿಂದಿನ ಜಾಣತನ. ಪಕ್ಕದಲ್ಲಿಯೇ ಹಗ್ಗ, ಮೂಗುದಾರ, ಗೆಜ್ಜೆಸರ, ಕೋಡಿಗೆ ಹಾಕುವ ಹಿತ್ತಾಳೆ ಅಣಸು, ಬಾರಕೋಲುಗಳ ಅಂಗಡಿ.

ಬೆಳಗಾಗುವವರೆಗೆ ನಾಟಕ

ಕತ್ತಲಾದಂತೆ ಜಾತ್ರೆಯ ಕೇಂದ್ರ ಗುಡಿಯಿಂದ ನಾಟಕದ ಥಿಯೇಟರುಗಳ ಕಡೆಗೆ ಸರಿಯುತ್ತದೆ. ತಗಡು ಹೊದಿಸಿ ಕಟ್ಟಿದ ತಾತ್ಕಾಲಿಕ ರಂಗಮಂದಿರಗಳು ಒಂದರ ಪಕ್ಕ ಒಂದು. ಪ್ರತಿಯೊಂದರ ಮುಂದೆಯೂ ದೀಪಾಲಂಕಾರ, ನಟ-ನಟಿಯರ ದೊಡ್ಡ ಚಿತ್ರಪಟ. ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಗಳು ಬನಶಂಕರಿಯಲ್ಲಿ ಸುಮಾರು ಒಂದು ತಿಂಗಳು ಮೊಕ್ಕಾಂ ಮಾಡುತ್ತವೆ. ತೇರಿನ ದಿನಗಳಲ್ಲಿ ಒಂದು ಆಟ ಮುಗಿಯುವುದರೊಳಗೆ ಮುಂದಿನದಕ್ಕೆ ಟಿಕೆಟು ಕೊಡುತ್ತಾರೆ. ಬೆಳಗಿನ ಬಸ್ಸು ಬರುವವರೆಗೆ ಹೊತ್ತು ಕಳೆಯಬೇಕಾದವರಿಗೆ ನಾಟಕದ ಕುರ್ಚಿಯೇ ವಸತಿ.

ಈ ಪರಂಪರೆಯ ಬೇರು ದೂರದ್ದಲ್ಲ. ಮರಾಠಿ ನಾಟಕಗಳ ಅಬ್ಬರದಲ್ಲಿ ಕನ್ನಡದ ಧ್ವನಿ ಕೇಳದಿದ್ದಾಗ, ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡದ ನಾಟಕ ಮಂಡಳಿ ಕಟ್ಟಿದರು. ಅಲ್ಲಿಂದ ಮುಂದೆ ಕಂಪನಿಗಳು ಒಂದರ ಹಿಂದೆ ಒಂದು ಹುಟ್ಟಿದವು. 1934ರಲ್ಲಿ 'ಸತಿ ಸುಲೋಚನ'ದೊಂದಿಗೆ ಕನ್ನಡದ ವಾಕ್ಚಿತ್ರ ಬಂದಾಗ ಪಟ್ಟಣಗಳಲ್ಲಿ ನಾಟಕಕ್ಕೆ ಪ್ರತಿಸ್ಪರ್ಧಿ ಹುಟ್ಟಿಕೊಂಡಿತು. ಜಾತ್ರೆಗಳು ಕಂಪನಿಗಳಿಗೆ ಆಸರೆಯಾದವು. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ ಹುಟ್ಟಿ, ಬಸವೇಶ್ವರನ ಪಾತ್ರದಿಂದ ಮನೆಮಾತಾಗಿ, 2017ರಲ್ಲಿ 103ನೆಯ ವಯಸ್ಸಿನಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರ ಬದುಕು ಈ ಕಂಪನಿ ರಂಗಭೂಮಿಯ ಏಳುಬೀಳುಗಳಿಗೆ ಕನ್ನಡಿ. ಇದೇ ಸೀಮೆಯ ನಾಟಕಕಾರ ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ಮೊದಲು ಕಂಪನಿಗಳ ನಾಟಕವಾಗಿ ಹೆಸರು ಮಾಡಿ, 1974ರಲ್ಲಿ ರಾಜ್‌ಕುಮಾರ್ ಅಭಿನಯದ ಚಲನಚಿತ್ರವಾಯಿತು. ಪ್ರತಿಸ್ಪರ್ಧಿಗೇ ಕಥೆ ಒದಗಿಸಿದ ಹಿರಿಮೆ ಜಾತ್ರೆಯ ರಂಗಭೂಮಿಯದು.

ಇಂದಿನ ಜಾತ್ರೆ ನಾಟಕಗಳ ಮೇಲೆ ಆಕ್ಷೇಪವೂ ಇದೆ. ಎರಡು ಅರ್ಥದ ಮಾತು, ಹಾಸ್ಯದ ಅತಿರೇಕ, ಸಿನಿಮಾ ಹಾಡಿಗೆ ಕುಣಿತ ಹೆಚ್ಚಾಗಿ ಕಥೆ ಸೊರಗಿದೆ ಎಂಬ ದೂರು ಸುಳ್ಳಲ್ಲ. ಆದರೆ ಈ ಕಂಪನಿಗಳಿಗೆ ಟಿಕೆಟಿನ ಗಲ್ಲಾಪೆಟ್ಟಿಗೆಯೇ ಮುಖ್ಯ ಆಧಾರ. ಜಾಗದ ಬಾಡಿಗೆ, ವಿದ್ಯುತ್ತಿನ ಬಿಲ್ಲು, ತಗಡು-ಪರದೆಗಳ ಲಾರಿ ಬಾಡಿಗೆ, ರಂಗದ ಹಿಂದೆಯೇ ಸಂಸಾರ ಹೂಡಿದ ಕಲಾವಿದರ ಊಟ - ಎಲ್ಲವೂ ಅದರಿಂದಲೇ ಹುಟ್ಟಬೇಕು. ಬನಶಂಕರಿಯಂಥ ಒಂದು ಜಾತ್ರೆಯ ಗಳಿಕೆ ಮಳೆಗಾಲದ ಖಾಲಿ ತಿಂಗಳುಗಳನ್ನು ದಾಟಿಸಬೇಕು. ಇಲ್ಲಿ ಸೋತ ಕಂಪನಿಗೆ ವರ್ಷವೇ ಸೋಲು.

ಸಡಿಲಾಗುತ್ತಿರುವ ಗಂಟುಗಳು

ಇದು ಬರಿಯ ಊಹೆಯಲ್ಲ ಎಂಬುದನ್ನು ಕೋವಿಡ್ ಕಾಲ ತೋರಿಸಿಕೊಟ್ಟಿತು. 2021 ಮತ್ತು 2022ರ ಆರಂಭದಲ್ಲಿ ನಿರ್ಬಂಧಗಳಿಂದಾಗಿ ರಾಜ್ಯದ ಜಾತ್ರೆಗಳು ಮೊಟಕುಗೊಂಡವು. ಪೂಜೆ ನಡೆಯಿತು, ಸಂಪ್ರದಾಯ ತಪ್ಪಲಿಲ್ಲ. ಆದರೆ ಬಾಗಿಲು ಕೆತ್ತಿಟ್ಟ ಬಡಗಿಗೆ, ಪರದೆ ಬರೆಸಿಟ್ಟ ಕಂಪನಿಗೆ, ಸಾಲ ತಂದು ಬಳೆ ತುಂಬಿಕೊಂಡ ವ್ಯಾಪಾರಿಗೆ ಅದರಿಂದ ಸಮಾಧಾನವಾಗುವಂತಿರಲಿಲ್ಲ. ದೇವರಿಗೆ ತೇರು ಎಷ್ಟು ಮುಖ್ಯವೋ ಇವರಿಗೆ ಜನ ಅಷ್ಟೇ ಮುಖ್ಯ. ಅದು ಮುಗಿಯಿತು ಎನ್ನುವಷ್ಟರಲ್ಲಿ 2022ರಲ್ಲಿ ಜಾನುವಾರುಗಳಿಗೆ ಚರ್ಮಗಂಟು ರೋಗ ಹರಡಿ ಹಲವು ಜಿಲ್ಲೆಗಳಲ್ಲಿ ದನಗಳ ಜಾತ್ರೆಗಳನ್ನು ನಿಷೇಧಿಸಬೇಕಾಯಿತು.

ರೋಗಗಳು ಬಂದು ಹೋಗುತ್ತವೆ. ಉಳಿದ ಬದಲಾವಣೆಗಳು ಹಾಗಲ್ಲ. ಉಳುಮೆಗೆ ಟ್ರ್ಯಾಕ್ಟರು ಬಂದ ಮೇಲೆ ಎತ್ತಿನ ಜೋಡಿ ಸಾಕುವವರು ಕಡಿಮೆಯಾದರು. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ದೇಸಿ ದನಗಳ ಸಂಖ್ಯೆ 2012ಕ್ಕಿಂತ ಸುಮಾರು ಶೇಕಡಾ 6ರಷ್ಟು ಇಳಿದಿತ್ತು. ಎತ್ತು ಬಾರದಿದ್ದರೆ ಹಗ್ಗದ ಅಂಗಡಿ ಬಾರದು, ಗೆಜ್ಜೆಯ ಅಂಗಡಿಯೂ ಬಾರದು. ಸೀರೆಗೆ ಪಟ್ಟಣದ ಅಂಗಡಿ, ಮನರಂಜನೆಗೆ ಕೈಯಲ್ಲಿನ ಮೊಬೈಲು ವರ್ಷವಿಡೀ ಇವೆ. ಜಾತ್ರೆಗಾಗಿಯೇ ಕಾಯಬೇಕಾದ ವಸ್ತುಗಳ ಪಟ್ಟಿ ಚಿಕ್ಕದಾಗುತ್ತಿದೆ.

ಇಷ್ಟಾದರೂ ಜಾತ್ರೆ ಕಳೆಗುಂದಿಲ್ಲವೇಕೆ? ಅದು ಒಂದೇ ದಾರದಲ್ಲಿ ಹೊಸೆದದ್ದಲ್ಲ ಎಂಬುದೇ ಉತ್ತರ. ಹರಕೆ ತೀರಿಸಲು ಬಂದವನು ನಾಟಕ ನೋಡುತ್ತಾನೆ, ನಾಟಕಕ್ಕೆ ಬಂದವನು ಕರದಂಟು ಒಯ್ಯುತ್ತಾನೆ, ಬಾಗಿಲು ಕೊಳ್ಳಲು ಬಂದವನು ಮಗಳಿಗೆ ವರ ನೋಡಿಕೊಂಡು ಹೋಗುತ್ತಾನೆ. ಒಂದು ಎಳೆ ಸಡಿಲಾದಾಗ ಉಳಿದವು ಭಾರ ಹೊರುತ್ತವೆ. ದೂರದ ಬೆಂಗಳೂರು, ಮುಂಬಯಿಗಳಿಗೆ ದುಡಿಯಲು ಹೋದವರು ಈಗ ಊರಿಗೆ ಬರುವುದು ದೀಪಾವಳಿಯಷ್ಟೇ ಜಾತ್ರೆಗೂ ಹೌದು. ಊರು ಬಿಟ್ಟವರು ಒಬ್ಬರನ್ನೊಬ್ಬರು ಕಾಣುವ ಜಾಗವಾಗಿ ಜಾತ್ರೆಗೆ ಹೊಸದೊಂದು ಎಳೆ ಸೇರಿಕೊಂಡಿದೆ.

ಆದರೆ ಎಳೆಗಳು ಎಷ್ಟು ಕಡಿಮೆಯಾದರೂ ಹಗ್ಗ ತಾಳುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಪ್ರವಾಸೋದ್ಯಮದ ಜಾಹೀರಾತುಗಳಿಗೆ ತೇರಿನ ಚಿತ್ರವಿದ್ದರೆ ಸಾಕು. ಜಾತ್ರೆ ನಡೆಯಲು ಅದಕ್ಕಿಂತ ಸಾದಾ ಸಂಗತಿಗಳು ಬೇಕು: ಹೊಂಡದಲ್ಲಿ ನೀರು, ಹೆಂಗಸರಿಗೆ ಶೌಚಾಲಯ, ದನ ಕಟ್ಟಲು ಖಾಲಿ ಉಳಿದ ಬಯಲು, ನಾಟಕ ಕಂಪನಿಗೆ ತಾಳಿಕೊಳ್ಳಬಹುದಾದ ಬಾಡಿಗೆ, ರೊಟ್ಟಿ ಮಾರುವವರನ್ನು ಎಬ್ಬಿಸದ ವ್ಯವಸ್ಥೆ. ಬಯಲನ್ನೆಲ್ಲ ನಿವೇಶನ ಮಾಡಿದ ಮೇಲೆ ಜಾತ್ರೆಯನ್ನು ಎಲ್ಲಿ ಸೇರಿಸುವುದು?

ಬನದ ಹುಣ್ಣಿಮೆ ಕಳೆದ ಎರಡನೆಯ ದಿನ ಕೊಪ್ಪಳದಲ್ಲಿ ಗವಿಸಿದ್ಧೇಶ್ವರನ ತೇರು. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡ, ಮೈಲಾರ. ಮುಂದೆ ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬೆ. ಬನಶಂಕರಿಯಲ್ಲಿ ಬಳೆ ಮಾರಿದವರು, ತೊಟ್ಟಿಲು ತಿರುಗಿಸಿದವರು ಈ ದಾರಿಯಲ್ಲಿಯೇ ಮುಂದೆ ಸಾಗುತ್ತಾರೆ. ಕೊನೆಗೆ ಏಳುವುದು ನಾಟಕದವರು. ತಿಂಗಳು ಕಳೆದ ಮೇಲೆ ತಗಡು ಬಿಚ್ಚಿ, ಪರದೆ ಸುತ್ತಿ, ಹಾರ್ಮೋನಿಯಂ ಗೋಣಿಯಲ್ಲಿ ಕಟ್ಟಿ ಲಾರಿ ಹತ್ತುತ್ತಾರೆ. ಮುಂದಿನ ಊರಿನಲ್ಲಿ ಅವರ ಗೂಟ ಹುಗಿಯುವ ಜಾಗವನ್ನು ಯಾರೋ ಆಗಲೇ ಗುರುತು ಮಾಡಿ ಇಟ್ಟಿರುತ್ತಾರೆ.